ಗಂಟೆಯಮ್ಮನ ಮೂರು ನಿಮಿಷ

ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆದವಳನ್ನು ಊರು ಇನ್ನೇನೆಂದು ಕರೆಯಬೇಕು? ಅವಳು ಗಂಟೆಯಮ್ಮ. ಅಷ್ಟು ವರ್ಷದಲ್ಲಿ ಐದು ಮಂದಿ ಮುಖ್ಯೋಪಾಧ್ಯಾಯಿನಿಯರು ಬಂದು ಹೋದರು. ಅವರ ಹೆಸರು ಕೇಳಿದರೆ ಹಳೆಯ ವಿದ್ಯಾರ್ಥಿನಿಯರು ತಲೆ ಕೆರೆದುಕೊಳ್ಳುತ್ತಾರೆ. ಗಂಟೆಯಮ್ಮನನ್ನು ಮಾತ್ರ ಯಾರೂ ಮರೆತಿಲ್ಲ. ಮಾರುಕಟ್ಟೆಯಲ್ಲಿ ಅವಳು ಎದುರಾದರೆ ಎರಡು ಮಕ್ಕಳ ತಾಯಂದಿರೂ ಹೆಜ್ಜೆ ಬಿರುಸು ಮಾಡುತ್ತಾರೆ. ಎಲ್ಲಿಗೂ ಹೋಗುವುದಿರುವುದಿಲ್ಲ, ಆದರೂ ತಡವಾಯಿತೇನೋ ಎಂಬ ಹಳೇ ಭಯ ಕಾಲಿಗೆ ಬಂದುಬಿಡುತ್ತದೆ.

ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೇಳು. ಗಂಡ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ತೀರಿಕೊಂಡು ವರ್ಷವಾಗಿತ್ತು. ಮೂರು ವರ್ಷದ ಮಗನನ್ನು ಅಮ್ಮನ ಮಡಿಲಿಗೆ ಹಾಕಿ ಬಂದಿದ್ದಳು. ಆಗ ಆ ಶಾಲೆಯಲ್ಲಿ ಶಿಸ್ತು ಎನ್ನುವುದು ಗೋಡೆಯ ಮೇಲೆ ಬರೆದಿದ್ದ ಅಕ್ಷರ, ಅಷ್ಟೆ. ಮೊದಲ ಗಂಟೆ ಹೊಡೆದ ಮೇಲೂ ಹುಡುಗಿಯರು ಹರಟುತ್ತಾ, ಜಡೆ ಹೆಣೆದುಕೊಳ್ಳುತ್ತಾ, ಮದುವೆ ಮನೆಗೆ ಬಂದವರ ಹಾಗೆ ಬರುತ್ತಿದ್ದರು. ಬೈಗುಳ ಮಾತ್ರ ಗಂಟೆಯಮ್ಮನಿಗೆ. "ನೀನು ಗಂಟೆ ಹೊಡೆಯೋದು ಯಾರಿಗೂ ಕೇಳಿಸ್ತಿಲ್ವಾ?" ಎಂದು ಮುಖ್ಯೋಪಾಧ್ಯಾಯಿನಿ ಎಲ್ಲರೆದುರು ಕೇಳಿದರು. ಹೊಸ ಕೆಲಸ, ಹಸಿ ವಿಧವೆ, ಬಾಯಿ ಬಿಡುವಂತಿರಲಿಲ್ಲ.

ಶಾಲೆಯ ಪಡಸಾಲೆಯ ಗೋಡೆಗೆ ಒಂದು ಲೋಲಕದ ಗಡಿಯಾರವಿತ್ತು. ವಾರಕ್ಕೊಮ್ಮೆ ಸ್ಟೂಲು ಹತ್ತಿ ಅದಕ್ಕೆ ಕೀ ಕೊಡುವುದು ಅವಳದೇ ಕೆಲಸ. ಸೇರಿದ ಎರಡನೆಯ ತಿಂಗಳು, ಒಂದು ಸೋಮವಾರ ಬೆಳಗ್ಗೆ ಯಾರೂ ಬರುವ ಮುಂಚೆ, ಕೀ ಕೊಟ್ಟವಳು ದೊಡ್ಡ ಮುಳ್ಳನ್ನು ಬೆರಳಿನಿಂದ ಮೂರು ನಿಮಿಷ ಮುಂದಕ್ಕೆ ತಳ್ಳಿದಳು. ಗಂಟೆ ಮೂರು ನಿಮಿಷ ಮುಂಚೆ ಹೊಡೆಯಿತು. ಗೇಟು ಮೂರು ನಿಮಿಷ ಮುಂಚೆ ಮುಚ್ಚಿತು. ಒಂದು ವಾರ ಅಳು, ರಂಪ, ತಾಯಂದಿರ ಜಗಳ. ತಿಂಗಳು ಕಳೆಯುವುದರೊಳಗೆ ಹುಡುಗಿಯರು ತೆಪ್ಪಗೆ ಹೊತ್ತಿಗೆ ಮುಂಚೆ ಬಂದು ನಿಲ್ಲತೊಡಗಿದರು. ವರ್ಷದ ಕೊನೆಗೆ ಸಮಯಪಾಲನೆಗೆಂದು ಶಾಲೆಗೆ ಬಹುಮಾನವೇ ಬಂತು, ಮುಖ್ಯೋಪಾಧ್ಯಾಯಿನಿ ಅವಳ ಬೆನ್ನು ತಟ್ಟಿದರು.

ಅವಳ ಲೆಕ್ಕದಲ್ಲಿ ಅದರಲ್ಲಿ ಮೋಸವೇನೂ ಇರಲಿಲ್ಲ. ಸಂಜೆಯ ಗಂಟೆಯೂ ಮೂರು ನಿಮಿಷ ಮುಂಚೆಯೇ ತಾನೆ? ಬೆಳಗ್ಗೆ ಕಿತ್ತುಕೊಂಡದ್ದನ್ನು ಸಂಜೆ ವಾಪಸು ಕೊಟ್ಟಂತಾಯಿತು. ವಿಷಯ ಗೊತ್ತಿದ್ದದ್ದು ಅವಳ ಅಮ್ಮನಿಗೊಬ್ಬಳಿಗೆ. ಅಮ್ಮ ಹೋದ ಮೇಲೆ ಅದು ಅವಳೊಬ್ಬಳದೇ ಗುಟ್ಟಾಯಿತು. ಶಿಕ್ಷಕಿಯರ ವಾಚುಗಳು ತಲೆಗೊಂದು ಹೊತ್ತು ಹೇಳುತ್ತಿದ್ದ ಕಾಲ. ಅವರೇ ಪೆಚ್ಚಾಗಿ ಗೋಡೆಯ ಗಡಿಯಾರಕ್ಕೆ ಹೊಂದಿಸಿಕೊಂಡರು. ಆಮೇಲೆ ಫೋನುಗಳು ಬಂದಾಗ ಕೊನೆಯ ಮುಖ್ಯೋಪಾಧ್ಯಾಯಿನಿ ಒಮ್ಮೆ, "ನಮ್ಮ ಗಡಿಯಾರ ಸ್ವಲ್ಪ ಮುಂದಿದೆಯಲ್ಲಾ?" ಎಂದರು. "ಫೋನು ಹಿಂದಿದೆ ಮೇಡಂ," ಎಂದಳು ಗಂಟೆಯಮ್ಮ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಆ ಮುಖ ನೋಡಿ ಎದುರಾಡುವ ಧೈರ್ಯ ಇದ್ದವರು ಯಾರು?

ನಿವೃತ್ತಿಯಾದ ಮೇಲೆ ಶಾಲೆಗೆ ತಾನಾಗಿಯೇ ಹೊಡೆದುಕೊಳ್ಳುವ ಕರೆಂಟಿನ ಗಂಟೆ ಬಂತು. ಗಡಿಯಾರ ನಿಂತಿತು. ಗಂಟೆಯಮ್ಮನೂ ಮನೆಯಲ್ಲಿ ಕೂತು ಸೊಸೆಯ ಅಡುಗೆಯ ಹೊತ್ತನ್ನು ನೋಡತೊಡಗಿದಳು. ಸೊಸೆ ಒಳ್ಳೆಯವಳು, ಆದರೂ ಎಷ್ಟು ದಿನ ಸಹಿಸಿಯಾಳು? ಅಷ್ಟರಲ್ಲಿ ಉತ್ಸವ ಬಂದು ಇಬ್ಬರನ್ನೂ ಉಳಿಸಿತು.

ಉತ್ಸವವೆಂದರೆ ಹೆಂಗಸರದೇ ಅಧ್ಯಾತ್ಮದ ಉತ್ಸವ. ವರ್ಷಕ್ಕೊಮ್ಮೆ ಶಾಲೆಗೆ ರಜೆ ಇದ್ದಾಗ ಮೂರು ದಿನ ನಡೆಯುತ್ತದೆ. ಇಡೀ ಕಟ್ಟಡವೇ ಅವರಿಗೆ. ಎಂಟನೇ ತರಗತಿಯ ಬೆಂಚುಗಳನ್ನು ಹೊರಗೆ ಪೇರಿಸಿ, ಚಾಪೆ ಹಾಸಿ, ಅಲ್ಲಿ ಉಸಿರಾಟದ ಕಾರ್ಯಾಗಾರ. ವಿಜ್ಞಾನದ ಪ್ರಯೋಗಾಲಯದಲ್ಲಿ ಜೇಡಿಮಣ್ಣು ಕಲಸಿ ತನ್ನ ಒಳಗಿನ ರೂಪವನ್ನು ತಾನೇ ಮಾಡುವುದು. ಹೆಚ್ಚಿನವರ ಒಳಗು ಬಟ್ಟಲಿನಂತೆ ಬರುತ್ತಿತ್ತು. ಚಿತ್ರಕಲೆಯ ಕೋಣೆಯಲ್ಲಿ ಡೋಲು ಬಡಿಯುತ್ತಾ ಎದೆಬಡಿತ ಕೇಳಿಸಿಕೊಳ್ಳುವವರು. ಗ್ರಂಥಾಲಯದಲ್ಲಿ ಅಮ್ಮನಿಗೆ ಕಾಗದ ಬರೆಯುವವರು. ಆಟದ ಮೈದಾನದಲ್ಲಿ ಮೌನ ನಡಿಗೆ: ಗಂಟೆ ಹೊಡೆಯುವ ತನಕ ನಿಲ್ಲುವಂತಿಲ್ಲ, ತುಟಿ ಪಿಟಕ್ಕೆನ್ನುವಂತಿಲ್ಲ. ಬೆಳಗ್ಗೆ ಬಂದ ಕೂಡಲೇ ಎಲ್ಲರೂ ಫೋನು, ವಾಚುಗಳನ್ನು ಗೇಟಿನ ಬಳಿಯ ಬುಟ್ಟಿಗೆ ಹಾಕಬೇಕು, ಸಂಜೆಯೇ ವಾಪಸು. ಹೊತ್ತು ಹೇಳಲು ಇರುವುದು ಗಂಟೆ ಒಂದೇ.

ಉತ್ಸವದ ಸಂಚಾಲಕಿ ನಿವೃತ್ತ ಬ್ಯಾಂಕ್ ಅಧಿಕಾರಿ. ಆಕೆಯೂ ಇದೇ ಶಾಲೆಯಲ್ಲಿ ಓದಿದವರು. "ಆ ಕರೆಂಟು ಗಂಟೆ ಬೇಡ, ಅದು ಕಿವಿಗೆ ಚುಚ್ಚುತ್ತೆ. ನಿಮ್ಮ ಹಿತ್ತಾಳೆ ಗಂಟೇಲಿ ಒಂದು ದೈವಿಕ ನಾದ ಇದೆ ಗಂಟೆಯಮ್ಮ," ಎಂದು ಮನೆಗೇ ಬಂದು ಕರೆದಿದ್ದರು. ಗಣಿತ ಮುಗಿದು ವಿಜ್ಞಾನ ಶುರುವಾಯಿತು ಎಂದು ಸಾರುತ್ತಿದ್ದ ಆ ಹಿತ್ತಾಳೆ ತಟ್ಟೆಯಲ್ಲಿ ದೈವಿಕ ನಾದ ಎಲ್ಲಿತ್ತೋ ಗಂಟೆಯಮ್ಮನಿಗೆ ತಿಳಿಯಲಿಲ್ಲ. ಆದರೂ ಮನಸ್ಸು ಕುಣಿಯಿತು. ಉತ್ಸವದ ಮೊದಲ ದಿನ ಸ್ಟೂಲು ಹತ್ತಿ, ನಿಂತ ಗಡಿಯಾರಕ್ಕೆ ಕೀ ಕೊಟ್ಟು, ತನ್ನ ಹಳೇ ಗುಂಡಿ ಫೋನು ನೋಡಿ ಹೊತ್ತು ಹೊಂದಿಸಿದಳು. ಹೊಂದಿಸಿದ ಮೇಲೆ ಅಭ್ಯಾಸಬಲದಿಂದ ಮೂರು ನಿಮಿಷ ಮುಂದಕ್ಕೆ ತಳ್ಳಿದಳು. ಆರು ವರ್ಷದಿಂದ ಹೀಗೆಯೇ ನಡೆದಿತ್ತು. ಗಂಟೆಯ ಶಬ್ದ ಕೇಳಿದ ಕೂಡಲೇ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಳ್ಳಿ ಎಂದು ಉಸಿರಾಟ ಕಲಿಸುವ ಗುರುಗಳು ಹೇಳಿಕೊಟ್ಟಿದ್ದರು. ಈ ಶಾಲೆಯಲ್ಲಿ ಓದಿದವರು ಮಾತ್ರ ಕಣ್ಣು ಮುಚ್ಚುವ ಬದಲು ಚೀಲಕ್ಕೆ ಕೈ ಹಾಕುತ್ತಿದ್ದರು.

ಊಟದ ಹೊತ್ತಿನಲ್ಲಿ ಅಡುಗೆಯವರ ಜೊತೆ ಕೂತಾಗ ಗಂಟೆಯಮ್ಮ ಪ್ರತಿ ವರ್ಷವೂ ಹೇಳುವ ಒಂದು ಕಥೆಯಿತ್ತು. ಪಬ್ಲಿಕ್ ಪರೀಕ್ಷೆಯ ದಿನ, ಒಂಬತ್ತೂವರೆಗೆ ಗೇಟು ಮುಚ್ಚಬೇಕು. ಮುಚ್ಚಿದ ಮೇಲೆ ಒಬ್ಬಳು ಎರಡು ಜಡೆಯ ಹುಡುಗಿ ಬಂದಳು. ಗೇಟಿನ ಸರಳಿನೊಳಗೆ ಕೈ ತೂರಿಸಿ ವಾಚು ತೋರಿಸಿ, "ಇನ್ನೂ ಎರಡು ನಿಮಿಷ ಇದೆ ನೋಡಿ," ಎಂದು ಗೋಗರೆದಳು. "ನಿನ್ನ ವಾಚಿಗೆ ವಯಸ್ಸಾಗಿದೆ ಮಗು, ಕೀ ಕೊಡು," ಎಂದು ತಾನು ಬೀಗ ತೆಗೆಯಲಿಲ್ಲ. ಬೇರೆ ಶಾಲೆಯಿಂದ ಬಂದಿದ್ದ ಪರೀಕ್ಷಾ ಮೇಲ್ವಿಚಾರಕರೇ, ಇಂಥ ಕೆಲಸದವರು ಎಲ್ಲ ಶಾಲೆಗೂ ಬೇಕು ಎಂದು ಹೊಗಳಿದರು. ಕಥೆ ಇಷ್ಟೆ. ಅಡುಗೆಯವರು "ಅಬ್ಬಾ, ನಿಮ್ಮ ಮನಸ್ಸು ಕಲ್ಲು ಬಿಡಿ," ಎನ್ನುತ್ತಿದ್ದರು. ಗಂಟೆಯಮ್ಮ ಅದನ್ನು ಬಹುಮಾನದ ಹಾಗೆ ಸ್ವೀಕರಿಸುತ್ತಿದ್ದಳು.

ಆ ವರ್ಷದ ಉತ್ಸವದ ಕೊನೆಯ ದಿನ, ಸಮಾರೋಪದಲ್ಲಿ ಅವಳಿಗೆ ಸನ್ಮಾನವೆಂದು ಗೊತ್ತಾಗಿತ್ತು. ನಾಲ್ಕು ಗಂಟೆಗೆ. ಫಲಕವೂ ಬಂದಿತ್ತು, "ಹೊತ್ತು ಕಾದ ತಾಯಿಗೆ" ಎಂದು ಕೆತ್ತಿಸಿದ್ದರು. ಬೆಳಗ್ಗೆ ಮನೆ ಬಿಡುವಾಗ ಸೊಸೆ ಇಸ್ತ್ರಿ ಮಾಡಿದ ಹೊಸ ಸೀರೆ ತಂದುಕೊಟ್ಟಳು.

"ನಾನೂ ನಿಮ್ಮ ಮೊಮ್ಮಗಳೂ ನಾಲ್ಕಕ್ಕೆ ಸರಿಯಾಗಿ ಬರ್ತೀವಿ ಅತ್ತೆ."

"ನಾಲ್ಕಕ್ಕೆ ಬಂದ್ರೆ ತಡ. ಮೂರೂ ಮುಕ್ಕಾಲಿಗೆ ಬಾ."

"ಗೊತ್ತಿತ್ತು," ಎಂದಳು ಸೊಸೆ, ನಗುತ್ತಾ. "ಅದಕ್ಕೇ ಇವಳಿಗೆ ಮೂರೂವರೆ ಅಂತ ಹೇಳಿದ್ದೀನಿ."

ಅಂದು ಎರಡನೆಯ ಅವಧಿ ಹನ್ನೊಂದೂ ಕಾಲಿನಿಂದ ಹನ್ನೆರಡೂವರೆಯವರೆಗೆ. ಆಮೇಲೆ ಊಟ. ಗಂಟೆಯಮ್ಮನದೊಂದು ಪದ್ಧತಿಯಿತ್ತು. ಗಂಟೆಗೆ ಐದು ನಿಮಿಷ ಇರುವಾಗ ಪಡಸಾಲೆಯುದ್ದಕ್ಕೂ ನಡೆದು ಪ್ರತಿ ಕೋಣೆಯ ಬಾಗಿಲನ್ನು ಬೆರಳ ಗಿಣ್ಣಿನಿಂದ ಒಮ್ಮೆ ಕುಟ್ಟುವುದು. ಅಳುವವರು ಅತ್ತು ಮುಗಿಸಲಿ, ನಗುವವರು ನಕ್ಕು ಮುಗಿಸಲಿ ಎಂದು. ಎಂಟನೇ ತರಗತಿ ಕುಟ್ಟಿದಳು, ಪ್ರಯೋಗಾಲಯ ಕುಟ್ಟಿದಳು. ಡೋಲಿನ ಕೋಣೆಗೆ ಕುಟ್ಟಿದ್ದು ಕೇಳಿಸುವುದಿಲ್ಲವೆಂದು ಒದ್ದಳು. ಕೊನೆಗೆ ಹತ್ತನೇ ತರಗತಿಯ ಬಾಗಿಲಿಗೆ ಬಂದಳು.

ಅಲ್ಲಿ ನಡೆಯುತ್ತಿದ್ದುದು "ಬರಲಾಗದವರ ಕುರ್ಚಿ". ನಡುವೆ ಒಂದು ಖಾಲಿ ಕುರ್ಚಿ ಇಟ್ಟು ಸುತ್ತಲೂ ಎಲ್ಲರೂ ಕೂರುವುದು. ಒಬ್ಬೊಬ್ಬರಾಗಿ ಎದ್ದು, ಸತ್ತವರಿಗೋ ಬಿಟ್ಟು ಹೋದವರಿಗೋ ಹೇಳದೆ ಉಳಿದ ಮಾತನ್ನು ಆ ಕುರ್ಚಿಗೆ ಹೇಳುವುದು. ನಡೆಸಿಕೊಡುತ್ತಿದ್ದವಳು ಮನಸ್ಸಿನ ಕಾಯಿಲೆಗಳ ಆಪ್ತಸಮಾಲೋಚಕಿ. ಬೆಂಕಿ ಬಿದ್ದರೂ ಮೆಲ್ಲಗೆ ಹೇಳುವವಳಾದ್ದರಿಂದ ಗಂಟೆಯಮ್ಮ ಅವಳಿಗೆ ಮೆಲುದನಿ ಎಂದು ಹೆಸರಿಟ್ಟಿದ್ದಳು.

ಕುಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಅರೆತೆರೆದ ಬಾಗಿಲಿನೊಳಗೆ ಒಬ್ಬಳು ಮಾತಾಡುತ್ತಿದ್ದಳು. ಅಳುವಿರಲಿಲ್ಲ, ಮನೆಯಲ್ಲಿ ಹಳೇ ಜಗಳ ತೆಗೆದಾಗ ಬರುವ ದನಿ ಅದು.

"ಇವತ್ತಾದ್ರೂ ಒಪ್ಕೋ ಅಪ್ಪಾ. ನಿನ್ನ ವಾಚು ಹಿಂದಿತ್ತು. ಒಂದೇ ಒಂದು ಸಲ 'ಹೌದು ಮಗಳೇ, ತಪ್ಪಾಯ್ತು' ಅಂದಿದ್ರೆ ನಾನು ಅವತ್ತೇ ಬಿಟ್ಟುಬಿಡ್ತಿದ್ದೆ."

ಗಂಟೆಯಮ್ಮ ಬಾಗಿಲ ಸಂದಿನಿಂದ ನೋಡಿದಳು. ನೀಲಿ ಶಾಲು ಹೊದ್ದವಳು. ಮೂರು ದಿನದಿಂದ ಗೇಟಿನಲ್ಲಿ ಫೋನು ಕೊಡುವಾಗ, "ಚೆನ್ನಾಗಿದ್ದೀರಾ ಗಂಟೆಯಮ್ಮ? ನೀವು ಹಾಗೇ ಇದ್ದೀರ," ಎಂದು ನಕ್ಕವಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸವೆಂದಿದ್ದಳು. ಸೋಪಿನ ನೀರಿನಲ್ಲಿ ನೆನೆದು ನೆನೆದು ಅವಳ ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು.

"ಗಣಿತದ ಪರೀಕ್ಷೆ. ಅಮ್ಮಂಗೆ ಜ್ವರ, ನಾನೇ ನೀರು ತಂದಿಟ್ಟು ಹೊರಟೆ. 'ಹೊತ್ತು ನೋಡ್ಕೊಂಡು ಹೋಗು' ಅಂತ ನಿನ್ನ ಕೈಯಿಂದ ಬಿಚ್ಚಿ ನನ್ನ ಕೈಗೆ ಕಟ್ಟಿದೆ. ನಾನು ಅದನ್ನ ನೋಡ್ಕೊಂಡೇ ನಡೆದೆ ಅಪ್ಪಾ. ಓಡಬಹುದಿತ್ತು. ಹೊತ್ತಿದೆ ಅಂತ ಓಡಲಿಲ್ಲ. ಬಂದ್ರೆ ಗೇಟು ಮುಚ್ಚಿತ್ತು. ಒಂಬತ್ತು ಇಪ್ಪತ್ತೆಂಟು ಅಂತ ಕೈ ತೂರಿಸಿ ತೋರಿಸಿದೆ. ಗಂಟೆಯಮ್ಮನ್ನ ಬೈಯೋಕೆ ನಂಗೆ ಮನಸ್ಸು ಬರಲಿಲ್ಲ. ಅವರ ಕೆಲಸ ಅವರು ಮಾಡಿದ್ರು. ಅವರ ಗಡಿಯಾರ ತಪ್ಪುತ್ತಾ?"

ಗಂಟೆಯಮ್ಮ ಎತ್ತಿದ್ದ ಕೈ ಇಳಿಸಿದಳು.

"ಮುಂದಿನ ವರ್ಷ ಬರೆದ್ರಾಯ್ತು ಅಂತ ನೀನಂದೆ. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು, ಮುಂದಿನ ವರ್ಷ ಅನ್ನೋದು ಬರಲೇ ಇಲ್ಲ. ನರ್ಸ್ ಆಗ್ತೀನಿ ಅಂದಿದ್ದೆ. ಈಗ ನರ್ಸ್‌ಗಳ ಬಟ್ಟೆ ಒಗೀತೀನಿ. ಅದೂ ಹೋಗ್ಲಿ. ನಿನಗೆ ಎಷ್ಟು ಸಲ ಕೇಳಿದೆ? ನೀನು ಏನಂದೆ? 'ಅಂಚೆ ಕಚೇರೀಲಿ ದಿನಾ ಕಾಗದಕ್ಕೆ ಹೊತ್ತಿನ ಮುದ್ರೆ ಒತ್ತೋನು ನಾನು. ಬೆಳಗ್ಗೆ ರೇಡಿಯೋಗೆ ಹೊಂದಿಸಿದ ವಾಚು ಅದು, ಸರಿಯಾಗೇ ಇತ್ತು.' ಹಾಸಿಗೆ ಮೇಲೆ ಮಾತು ನಿಲ್ಲೋ ತನಕ ಅದೇ. ಹೆತ್ತ ಮಗಳಿಗಿಂತ ನಿನಗೆ ವಾಚಿನ ಮರ್ಯಾದೆ ಹೆಚ್ಚಾಯ್ತು. ಇಪ್ಪತ್ತೊಂದು ವರ್ಷ ನಾನು ನಿನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನೀನು ಹೋಗಿ ನಾಲ್ಕು ವರ್ಷ ಆಯ್ತು. ಈಗ್ಲಾದ್ರೂ ಒಪ್ಕೋ ಅಪ್ಪಾ, ನಾನೂ ಬಿಟ್ಟುಬಿಡ್ತೀನಿ."

ಗಂಟೆಯಮ್ಮ ಅಲ್ಲಿಂದ ನಡೆದಳು. ಎಲ್ಲಿಗೆ ಎಂದು ಕಾಲಿಗೆ ಗೊತ್ತಿತ್ತು. ಪಡಸಾಲೆಯ ತುದಿಯಲ್ಲಿ ಹಿತ್ತಾಳೆಯ ತಟ್ಟೆ ತೂಗುತ್ತಿತ್ತು, ಪಕ್ಕದ ಮೊಳೆಗೆ ಮರದ ಸುತ್ತಿಗೆ. ಮೇಲೆ ಗಡಿಯಾರ. ಹನ್ನೆರಡು ಮೂವತ್ತೊಂದು ಎನ್ನುತ್ತಿತ್ತು. ಸೊಂಟದ ಚೀಲದಿಂದ ಗುಂಡಿ ಫೋನು ತೆಗೆದಳು. ಹನ್ನೆರಡು ಇಪ್ಪತ್ತೆಂಟು.

ಪಬ್ಲಿಕ್ ಪರೀಕ್ಷೆಯ ದಿನ ಗಡಿಯಾರವನ್ನು ಸರಿಪಡಿಸಿಡಬೇಕೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಪರೀಕ್ಷೆಗೆ ಹುಡುಗಿಯರು ಅರ್ಧ ಗಂಟೆ ಮುಂಚೆಯೇ ಬಂದು ಗೇಟಿನಲ್ಲಿ ನಿಂತಿರುತ್ತಿದ್ದರು. ಮೇಲ್ವಿಚಾರಕರು ಬಂದ ಕೂಡಲೇ ತಮ್ಮ ವಾಚನ್ನು ಶಾಲೆಯ ಗಡಿಯಾರಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಬೆಳಗ್ಗೆ ಕಿತ್ತುಕೊಂಡದ್ದನ್ನು ಸಂಜೆ ಕೊಟ್ಟಾಯಿತು ಎಂಬ ಆ ಲೆಕ್ಕದಲ್ಲಿ ಈ ಒಬ್ಬಳಿಗೆ ಸಂಜೆ ಏನು ಕೊಟ್ಟಂತಾಯಿತು? ಅಡುಗೆಯವರ ಮುಂದೆ ಆರು ವರ್ಷ ಹೇಳಿ ಮೆರೆದ ಕಥೆ ನೆನಪಾಗಿ ಗಂಟೆಯಮ್ಮನ ಕಿವಿ ಬಿಸಿಯಾಯಿತು. ನಾಚಿಕೆಯಲ್ಲ ಅದು, ಹೇಸಿಗೆ.

ಸುತ್ತಿಗೆ ಕೈಗೆ ತೆಗೆದುಕೊಂಡಳು. ಹೊಡೆದರೆ ಮುಗಿಯಿತು. ಕುರ್ಚಿಯ ಮಾತು ಅಲ್ಲಿಗೇ ನಿಲ್ಲುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ, ನಾಲ್ಕಕ್ಕೆ ಫಲಕ, ಮೊಮ್ಮಗಳ ಚಪ್ಪಾಳೆ. ಗುಟ್ಟು ಗೊತ್ತಿದ್ದ ಅಮ್ಮ ಇಲ್ಲ. ನಾಲ್ಕೈದು ದಿನದಲ್ಲಿ ಗಡಿಯಾರವೂ ನಿಲ್ಲುತ್ತದೆ. ಯಾರೂ ಕೇಳುವವರಿಲ್ಲ. ಆದರೆ ಆ ಅಂಚೆಯವನು ಸಾಯುವ ತನಕ ಸರಿಯಾಗಿಯೇ ಇತ್ತು ಎಂದನಲ್ಲ. ಅವನ ಪರವಾಗಿ ಸಾಕ್ಷಿ ಹೇಳಬಲ್ಲವರು ಈ ಲೋಕದಲ್ಲಿ ಒಬ್ಬಳೇ ಉಳಿದಿದ್ದಳು, ಅವಳ ಕೈಯಲ್ಲಿ ಸುತ್ತಿಗೆ ಇತ್ತು.

ಸುತ್ತಿಗೆಯನ್ನು ಮೊಳೆಗೆ ಹಾಕಿ ತಿರುಗಿ ನಡೆದಳು. ಹತ್ತನೇ ತರಗತಿಯ ಬಾಗಿಲನ್ನು ಕುಟ್ಟದೆ ದೂಡಿದಳು. ಅವಳ ಮುಖ ಕಂಡದ್ದೇ ಒಳಗಿದ್ದ ಹನ್ನೆರಡು ಹೆಂಗಸರಲ್ಲಿ ಒಂಬತ್ತು ಮಂದಿ ಚೀಲ ಎತ್ತಿಕೊಂಡರು.

"ಹೊತ್ತಾಯ್ತಾ ಅಮ್ಮಾ?" ಎಂದಳು ಮೆಲುದನಿ.

"ಇಲ್ಲ. ಇನ್ನೂ ಎರಡು ನಿಮಿಷ ಇದೆ."

ನೀಲಿ ಶಾಲಿನವಳು ಕುರ್ಚಿಯ ಎದುರು ನಿಂತೇ ಇದ್ದಳು. ಗಂಟೆಯಮ್ಮ ಅವಳ ಕಡೆ ನಡೆದಳು. ಮೆಲುದನಿ ಏನೆಂದುಕೊಂಡಳೋ, ಕೂರಿ ಎಂದು ಆ ಖಾಲಿ ಕುರ್ಚಿಯನ್ನೇ ತೋರಿಸಿದಳು.

"ಬೇಡ. ಅದರಲ್ಲಿ ಅವರಪ್ಪ ಕೂತಿದ್ದಾರೆ," ಎಂದಳು ಗಂಟೆಯಮ್ಮ. ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡಳು. ಮೂವತ್ತೊಂದು ವರ್ಷ ದೊಡ್ಡವರ ಕುರ್ಚಿಗಳ ಪಕ್ಕ ನಿಂತೇ ಅಭ್ಯಾಸ. "ನಿಂತೇ ಹೇಳ್ತೀನಿ. ಬಾಗಿಲಾಚೆ ನಿಂತು ಕೇಳಿಸ್ಕೊಂಡೆ, ಅದು ತಪ್ಪು. ಆದ್ರೆ ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಅವತ್ತು ನಿಮ್ಮಪ್ಪನ ವಾಚು ಹಿಂದಿರಲಿಲ್ಲ ತಾಯಿ. ನನ್ನ ಗಡಿಯಾರ ಮುಂದಿತ್ತು."

ಹೊರಗೆ ಡೋಲಿನ ಸದ್ದು ಕೇಳುತ್ತಿತ್ತು.

"ಮುಂದಿತ್ತು ಅಂದ್ರೆ?"

"ಮುಂದಿಟ್ಟಿದ್ದೆ. ನಾನೇ. ಹುಡುಗೀರು ಬೇಗ ಬರಲಿ ಅಂತ. ಯಾರಿಗೂ ಹೇಳಿರಲಿಲ್ಲ."

"ಎಷ್ಟು?"

"ಮೂರು ನಿಮಿಷ."

ನೀಲಿ ಶಾಲಿನವಳು ತುಟಿಯಲ್ಲೇ ಲೆಕ್ಕ ಹಾಕಿದಳು. ಆ ಪರೀಕ್ಷೆ ಬರೆದಿದ್ದರೆ ಮಾಡಬೇಕಾಗಿದ್ದ ಲೆಕ್ಕಗಳಲ್ಲಿ ಇಷ್ಟು ಸುಲಭದ್ದು ಒಂದೂ ಇರುತ್ತಿರಲಿಲ್ಲ. ಇಪ್ಪತ್ತೆಂಟಕ್ಕೆ ಮೂರು ಕೂಡಿಸಿದರೆ ಮೂವತ್ತೊಂದು.

"ಹಾಗಾದ್ರೆ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು. ನೀನು ಹೊತ್ತಿಗೆ ಮುಂಚೆ ಬಂದಿದ್ದೆ."

ಅವಳು ಗಂಟೆಯಮ್ಮನನ್ನು ನೋಡಲಿಲ್ಲ. ಕುರ್ಚಿಯ ಕಡೆ ತಿರುಗಿದಳು. "ಸರಿಯಾಗೇ ಇತ್ತಂತೆ ಅಪ್ಪಾ," ಎಂದಳು. ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು. ಕೆಳಗೆ ಕೂತು, ಖಾಲಿ ಕುರ್ಚಿಯ ಮೇಲೆ ತಲೆಯಿಟ್ಟು, ಬಾಯಿಬಿಟ್ಟು ಅತ್ತಳು. ಮೆಲುದನಿ ಎದ್ದು ಬಂದು ಬೆನ್ನ ಮೇಲೆ ಕೈಯಿಟ್ಟಳು. ಗಂಟೆಯಮ್ಮನಿಗೆ ಕೈ ಚಾಚುವ ಧೈರ್ಯವಾಗಲಿಲ್ಲ. ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಅಲ್ಲೇ ನಿಂತಿದ್ದಳು.

ಈ ಗಡಿಬಿಡಿಯಲ್ಲಿ ಗಂಟೆ ಹೊಡೆಯಲಿಲ್ಲ. ಉಸಿರು ಎಳೆದುಕೊಂಡವರು ಬಿಡುವುದೋ ಬೇಡವೋ ಎಂದು ಕಂಗಾಲಾದರು. ಮಣ್ಣಿನವರು ಮಾಡಿದ ಬಟ್ಟಲನ್ನೇ ಕಲಸಿ ಮತ್ತೊಂದು ಬಟ್ಟಲು ಮಾಡಿದರು. ಡೋಲಿನವರ ಅಂಗೈ ಕೆಂಪಾಯಿತು. ಎಲ್ಲರಿಗಿಂತ ಹೆಚ್ಚು ಪಾಡು ಪಟ್ಟವರು ಮೌನ ನಡಿಗೆಯವರು. ಗಂಟೆಯಾಗದೆ ನಿಲ್ಲುವಂತಿಲ್ಲ, ಯಾಕೆ ಆಗಲಿಲ್ಲವೆಂದು ಕೇಳುವಂತೆಯೂ ಇಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ಮೈದಾನವನ್ನು ಸುತ್ತಿದ್ದೇ ಸುತ್ತಿದ್ದು, ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು. ಕೊನೆಗೆ ಅಡುಗೆಯವರು ಸೌಟಿನಿಂದ ಪಾತ್ರೆ ಬಡಿದು ಊಟಕ್ಕೆ ಕರೆದಾಗ ಹನ್ನೆರಡು ಐವತ್ತಾಗಿತ್ತು.

"ಏನಾಯ್ತು ಗಂಟೆಯಮ್ಮ? ನೀವಾ? ನೀವು ತಪ್ಪಿಸೋದಾ?" ಎಂದು ಸಂಚಾಲಕಿ ಓಡಿ ಬಂದರು.

"ನಾಲ್ಕು ಗಂಟೆಗೆ ಹೇಳ್ತೀನಿ ಮೇಡಂ," ಎಂದಳು. ಊಟ ಮಾಡಲಿಲ್ಲ.

ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಸೊಸೆ, ಮೊಮ್ಮಗಳು. ಸಂಚಾಲಕಿ ಹತ್ತು ನಿಮಿಷ ಹೊಗಳಿ ಫಲಕ ಎತ್ತಿದರು. ಗಂಟೆಯಮ್ಮ ಅದನ್ನು ಮುಟ್ಟದೆ ಮೈಕಿನ ಹತ್ತಿರ ಹೋದಳು. ಆ ಮೈಕಿನಲ್ಲಿ ಅವಳು ಅದುವರೆಗೆ "ಹಲೋ" ಎಂದೂ ಅಂದವಳಲ್ಲ.

"ಈ ಶಾಲೆ ಗಡಿಯಾರನ ನಾನು ಮೂರು ನಿಮಿಷ ಮುಂದಿಡ್ತಿದ್ದೆ," ಎಂದಳು. "ನಿಮ್ಮ ಕಾಲದಲ್ಲೂ ಹಾಗೇ, ಈ ಉತ್ಸವದಲ್ಲೂ ಹಾಗೇ."

ಸಭೆಯಲ್ಲಿ ನಗು ಎದ್ದಿತು. ತಮಾಷೆ ಎಂದುಕೊಂಡರು. ಹಿಂದಿನಿಂದ ಯಾರೋ "ನಂಗೆ ಆವಾಗ್ಲೇ ಅನುಮಾನ ಇತ್ತು," ಎಂದರು, ಮತ್ತೆ ನಗು.

"ನಗಬೇಡಿ. ಅದರಿಂದ ಒಂದು ಮಗೂಗೆ ಪಬ್ಲಿಕ್ ಪರೀಕ್ಷೆ ತಪ್ಪಿಹೋಯ್ತು. ಹೊತ್ತಿಗೆ ಬಂದವಳನ್ನ ನಾನು ಹೊರಗೆ ನಿಲ್ಲಿಸಿದೆ. ತಪ್ಪು ಅವರಪ್ಪನ ಮೇಲೆ ಬಿತ್ತು. ಅವರು ಈಗಿಲ್ಲ. ಆ ಫಲಕ ನಂಗೆ ಬೇಡ."

ನಗು ನಿಂತಿತು. ಸಂಚಾಲಕಿ ಫಲಕವನ್ನು ಎಲ್ಲಿಡಬೇಕೆಂದು ತಿಳಿಯದೆ ಅದನ್ನೇ ಎದೆಗವಚಿಕೊಂಡು ನಿಂತರು. ಸೊಸೆ ತಲೆ ತಗ್ಗಿಸಲಿಲ್ಲ. ಎದ್ದು ಬಂದು ಅತ್ತೆಯ ಕೈ ಹಿಡಿದು ವೇದಿಕೆಯಿಂದ ಇಳಿಸಿಕೊಂಡಳು. ಮೊಮ್ಮಗಳು ಮಾತ್ರ, "ಅಜ್ಜಿ, ಹಾಗಾದ್ರೆ ನನ್ನನ್ನೂ ದಿನಾ ಮೂರು ನಿಮಿಷ ಬೇಗ ಎಬ್ಬಿಸ್ತೀರಾ?" ಎಂದಳು. ಹತ್ತು ನಿಮಿಷ ಬೇಗ ಎಬ್ಬಿಸುತ್ತಿದ್ದೆ ಎಂದು ಹೇಳುವ ಚೈತನ್ಯ ಗಂಟೆಯಮ್ಮನಿಗೆ ಇರಲಿಲ್ಲ.

ಸಂಜೆ ಬುಟ್ಟಿಯ ಫೋನುಗಳನ್ನೆಲ್ಲ ಹಂಚಿಯಾಯಿತು. ಕೆಲವರು ಕೈ ಒತ್ತಿ ಹೋದರು, ಕೆಲವರು ಮುಖ ನೋಡದೆ ಹೋದರು. ಒಬ್ಬಾಕೆ ಹತ್ತನೇ ತರಗತಿಯಲ್ಲಿ ತಡವಾಯಿತೆಂದು ತಿಂದ ಏಟುಗಳ ಲೆಕ್ಕ ಒಪ್ಪಿಸಿಯೇ ಹೋದಳು. ಬುಟ್ಟಿಯಲ್ಲಿ ಒಂದು ಫೋನು ಉಳಿದಿತ್ತು. ಅದು ಯಾರದೆಂದು ಗಂಟೆಯಮ್ಮನಿಗೆ ಗೊತ್ತಿತ್ತು. ಸೊಸೆಯನ್ನು ಗೇಟಿನಲ್ಲಿ ಕಾಯಲು ಹೇಳಿ ಫೋನು ಹಿಡಿದು ಪಡಸಾಲೆಗೆ ಬಂದಳು. ನೀಲಿ ಶಾಲಿನವಳು ಗಡಿಯಾರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು.

"ಇದನ್ನ ಸರಿ ಮಾಡಿಲ್ವಲ್ಲ ನೀವು."

"ಸ್ಟೂಲು ಹತ್ತೋಕೆ ಇವತ್ತು ಮಂಡಿ ಕೇಳ್ತಿಲ್ಲ."

ಅವಳು ಬೆಂಚುಗಳ ರಾಶಿಯ ಪಕ್ಕದಿಂದ ಸ್ಟೂಲು ಎಳೆದು ತಂದು ತಾನೇ ಹತ್ತಿದಳು. ಗಾಜಿನ ಬಾಗಿಲು ತೆರೆದು ಮುಳ್ಳಿಗೆ ಕೈ ಹಾಕಿದಳು.

"ಹಿಂದಕ್ಕೆ ತಿರುಗಿಸಬೇಡ," ಎಂದಳು ಗಂಟೆಯಮ್ಮ. "ಹಳೇ ಗಡಿಯಾರ, ಹಿಂದಕ್ಕೆ ತಿರುಗಿಸಿದ್ರೆ ಹಲ್ಲು ಮುರಿಯುತ್ತೆ. ಲೋಲಕ ಹಿಡಿದು ನಿಲ್ಲಿಸು. ಹೊತ್ತು ಬಂದು ಅದನ್ನ ಹಿಡಿಯೋ ತನಕ ಕಾಯಬೇಕು."

ಸುಕ್ಕುಬಿದ್ದ ಬೆರಳುಗಳು ಲೋಲಕವನ್ನು ಹಿಡಿದವು. ಟಿಕ್ ಟಿಕ್ ನಿಂತಿತು. ಗಂಟೆಯಮ್ಮ ಕೆಳಗೆ ಫೋನು ಹಿಡಿದು ನಿಂತಳು. ಕ್ಷಮಿಸು ಎಂದು ಕೇಳಬೇಕೆಂದು ಬಾಯಿಗೆ ಬಂತು. ಆದರೆ ಕೇಳಿದರೆ ಅವಳು ಏನಾದರೂ ಹೇಳಬೇಕಾಗುತ್ತದೆ, ಆ ಭಾರವನ್ನೂ ಅವಳ ಮೇಲೆ ಯಾಕೆ ಹೊರಿಸುವುದು ಎಂದು ನುಂಗಿಕೊಂಡಳು.

"ಆ ವಾಚು ಏನಾಯ್ತು?" ಎಂದು ಮಾತ್ರ ಕೇಳಿದಳು.

"ತಮ್ಮನ ಹತ್ರ ಇದೆ. ಇನ್ನೂ ನಡೀತಿದೆ. ನಾಳೆ ಹೋಗಿ ಇಸ್ಕೊಂಡು ಬರ್ತೀನಿ."

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಫೋನಿನಲ್ಲಿ ಒಂದು ನಿಮಿಷ ಬದಲಾಯಿತು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಬದಲಾಯಿತು.

"ಮೂರು ನಿಮಿಷ ಅಂದ್ರೆ ಇಷ್ಟು ಉದ್ದ ಇರುತ್ತಾ?" ಎಂದಳು ಗಂಟೆಯಮ್ಮ.

"ಗೇಟಿನ ಆಚೆ ಇನ್ನೂ ಉದ್ದ ಇರುತ್ತೆ," ಎಂದಳು ಸ್ಟೂಲಿನ ಮೇಲಿದ್ದವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

ಮೂರನೆಯ ನಿಮಿಷ ಬದಲಾಯಿತು. "ಬಿಡು," ಎಂದಳು ಗಂಟೆಯಮ್ಮ. ಅವಳು ಕೈ ಬಿಟ್ಟಳು.